ಭರಣಿಯ ಹುಳಿಹಿಟ್ಟು

ಸೆರಾಫಿನಾ ಮನೆಯಲ್ಲೇ ಬ್ರೆಡ್ಡು ಮಾಡುವಾಗಲೆಲ್ಲ ಭರಣಿಯ ಹುಳಿಹಿಟ್ಟನ್ನು ಹೊಸ ಹಿಟ್ಟಿಗೆ ಸೇರಿಸಿ ನಾದುತ್ತಿದ್ದಳು. ಅದು ಉಬ್ಬಿದ ಮೇಲೆ ಒಂದು ಹಿಡಿ ಮುರಿದು, ಮುಂದಿನ ವಾರಕ್ಕೆಂದು ಮತ್ತೆ ಭರಣಿಗೆ ಹಾಕುತ್ತಿದ್ದಳು. ಭರಣಿಯೊಳಗಿನ ಕತ್ತಲೆಯಲ್ಲಿ ಕೂತು ಕೂತು ಹುಳಿಹಿಟ್ಟಿಗೆ ಸಾಕಾಗಿ ಹೋಗಿತ್ತು.

"ಉಬ್ಬಿಸುವುದು ನಾನು, ಹೊಗಳಿಕೆ ಮಾತ್ರ ನಿನಗೆ," ಎಂದಿತು ಅದು ಒಲೆಯೊಡನೆ.

"ನಾರುವವರನ್ನು ಯಾರು ಹೊಗಳುತ್ತಾರೆ? ಒಮ್ಮೆ ನನ್ನೊಳಗೆ ಇಡಿಯಾಗಿ ಬಾ, ಚಿನ್ನದ ಬಣ್ಣ ಕೊಡುತ್ತೇನೆ," ಎಂದಿತು ಒಲೆ.

ಒಂದು ಭಾನುವಾರ ನೆಂಟರ ಗಡಿಬಿಡಿಯಲ್ಲಿ ಸೆರಾಫಿನಾ ಹಿಡಿ ಹಿಟ್ಟು ತೆಗೆದಿಡಲು ಮರೆತಳು. ಹಿಂದೆ ಹೀಗಾದಾಗ ಹುಳಿಹಿಟ್ಟು ಗುಳುಗುಳು ಗುಳ್ಳೆ ಎಬ್ಬಿಸಿ ನೆನಪಿಸುತ್ತಿತ್ತು. ಈ ಸಲ ಉಸಿರು ಬಿಗಿಹಿಡಿದು ಸುಮ್ಮನಿತ್ತು. ಒಲೆ ಸೇರಿತು, ಹೊಂಬಣ್ಣಕ್ಕೆ ತಿರುಗಿತು, ಮನೆಯೆಲ್ಲ ಘಮಘಮಿಸಿತು.

"ಆಹಾ, ಎಂಥ ಒಲೆ ನಿಮ್ಮದು!" ಎಂದರು ನೆಂಟರು.

"ಒಲೆಯಲ್ಲ, ನಾನು!" ಎನ್ನಹೋಯಿತು ಹುಳಿಹಿಟ್ಟು. ಬೆಂದ ಹಿಟ್ಟಿನಲ್ಲಿ ಗುಳ್ಳೆ ಏಳಲಿಲ್ಲ.

ಮುಂದಿನ ವಾರ ಭರಣಿ ಬರಿದು. ಸೆರಾಫಿನಾ ಬರೀ ಹಿಟ್ಟನ್ನೇ ತೋಳು ಸೋಲುವಷ್ಟು ನಾದಿದಳು. ಒಲೆಯಿಂದ ಹೊರಬಂದದ್ದು ಗುಂಡುಕಲ್ಲು.

"ನನ್ನ ಬಿಸಿಯಲ್ಲಿ ಏನೂ ಕೊರತೆಯಿಲ್ಲ. ನಿನ್ನ ಕೈಗುಣವೇ ಕೆಟ್ಟಿದೆ," ಎಂದಿತು ಒಲೆ ಅವಳಿಗೆ.

ಅಲ್ಲವೆನ್ನಲು ಭರಣಿಯಲ್ಲಿ ಯಾರೂ ಇರಲಿಲ್ಲ.