ಉಪವಾಸದ ವೀಳ್ಯ

“ನನ್ನ ಸೈನಿಕರು ಅನ್ನಕ್ಕಾಗಿ ಕಾದುವವರಲ್ಲ! ನನ್ನ ಕೈಯ ಒಂದು ವೀಳ್ಯ ಸಿಕ್ಕರೆ ಹುಲಿಯ ಬಾಯಿಗೂ ತಲೆ ಕೊಡುತ್ತಾರೆ.”

ಕಣಿವೆದುರ್ಗದ ಪಾಳೆಯಗಾರ ಹಾಲಪ್ಪ ನಾಯಕ ತುಂಬಿದ ಸಭೆಯಲ್ಲಿ ಹೀಗೆಂದು ಮೀಸೆ ತೀಡಿದ. ಮೀಸೆ ಅವನದೇ, ಮಾತು ಮಾತ್ರ ಖಜಾನೆಯ ಪಾರುಪತ್ಯಗಾರ ಸೂರಪ್ಪಯ್ಯನದು.

ಸೂರಪ್ಪಯ್ಯ ಕೂಡಲೇ ಎದ್ದು ಕೈಮುಗಿದ. “ಹಾಗಾದರೆ ಪ್ರಭು, ಈ ಮಹಾನವಮಿಗೆ ಸೈನಿಕರಿಗೆ ವರ್ಷದ ರಾಗಿ, ಕಂಬಳಿ, ಗುಡಿಸಲಿನ ದುರಸ್ತಿ ಯಾವುದೂ ಬೇಡ. ತಾವೇ ಸ್ವಹಸ್ತದಿಂದ ಒಬ್ಬೊಬ್ಬರಿಗೂ ವೀಳ್ಯ ದಯಪಾಲಿಸಿ. ಅದಕ್ಕಿಂತ ದೊಡ್ಡ ಸಂಬಳ ಉಂಟೆ? ಉಳಿದದ್ದರಲ್ಲಿ ತಮ್ಮ ಉಯ್ಯಾಲೆ ಮಂಟಪ ಮುಗಿಯುತ್ತದೆ. ಹೆಂಚು ಆಗಲೇ ಬಂದಿದೆ.”

ನಾಯಕನಿಗೆ ಉಯ್ಯಾಲೆಯೆಂದರೆ ಪ್ರಾಣ. “ಆಗಲಿ” ಎಂದ.

ಸಿಂಹಾಸನದ ಪಕ್ಕದಲ್ಲಿ ಮಾಳವ್ವ ತಟ್ಟೆ ಹಿಡಿದು ನಿಂತಿದ್ದಳು. ಅರಮನೆಯ ವೀಳ್ಯದ ಊಳಿಗ ಅವಳದು. ನಾಯಕನ ತಂದೆಗೂ ಎಲೆ ಮಡಿಸಿ ಕೊಟ್ಟ ಕೈ. ಸಭೆಯಲ್ಲಿ ಅವಳು ಆಡಿದ್ದು ಕಡಿಮೆ, ಕೇಳಿಸಿಕೊಂಡದ್ದು ಹೆಚ್ಚು.

ಸಭೆ ಮುಗಿದೊಡನೆ ಸೈನಿಕರ ಗುರಿಕಾರ ಬಸಲಿಂಗ ಅವಳನ್ನು ಅರಸಿಕೊಂಡು ಬಂದ.

“ಕೇಳಿದಿರಾ ಅವ್ವಾ? ವೀಳ್ಯ ಹಿಡಿದರೆ ಒಪ್ಪಿದ ಹಾಗೆ, ಬೇಡವೆಂದರೆ ದ್ರೋಹ. ಈಗಲೇ ಪಡಿ ಅರ್ಧಕ್ಕಿಳಿದಿದೆ. ಮಳೆ ಬಂದರೆ ನನ್ನ ಮಗುವಿನ ತೊಟ್ಟಿಲಿಗೆ ಗುಡಿಸಲಿನಲ್ಲಿ ಒಣಗಿದ ಮೂಲೆಯಿಲ್ಲ.”

“ನಿನ್ನ ಅಪ್ಪನ ವೀರಗಲ್ಲಿಗೆ ಒಳ್ಳೆಯ ಮಾಡು ಕಟ್ಟಿಸಿದ್ದಾರಲ್ಲೋ?”

“ಅದರಡಿ ಜಾಗ ಸಿಗಬೇಕಾದರೆ ಮೊದಲು ಸಾಯಬೇಕು ಅವ್ವಾ.”

ಮಾಳವ್ವ ನಕ್ಕಳು. ಬಸಲಿಂಗ ನಗಲಿಲ್ಲ. “ಹಬ್ಬ ಮುಗಿದರೆ ಹುಡುಗರೆಲ್ಲ ಕೋಟೆ ಬಿಡುತ್ತಾರಂತೆ. ಹೆಂಡತಿ ಮಕ್ಕಳ ಮುಖ ನೋಡಿ ನಾನೂ ಹೊರಡಬೇಕು. ಅಪ್ಪ ಪ್ರಾಣ ಕೊಟ್ಟು ಉಳಿಸಿದ ಕೋಟೆ, ಹೇಗೆ ಬಿಡಲಿ?”

“ಬಿಡಬೇಡ. ಹಬ್ಬದ ದಿನ ನಾನು ಹೇಳುವ ತನಕ ಯಾರೂ ವೀಳ್ಯಕ್ಕೆ ಕೈ ಚಾಚಬೇಡಿ. ಅಷ್ಟು ಮಾಡು.”

ಮಹಾನವಮಿ ಬಂತು. ಆಯುಧಪೂಜೆ ಮುಗಿಯುವವರೆಗೆ ದೊರೆಯಿಂದ ಲಾಯದವನವರೆಗೆ ಯಾರೂ ತುತ್ತೆತ್ತಬಾರದೆಂಬುದು ಆ ಕೋಟೆಯ ಕಟ್ಟಳೆ. ಪೂಜೆ ಮುಗಿಯುವ ಹೊತ್ತಿಗೆ ಸೂರ್ಯ ನೆತ್ತಿಗೇರಿದ್ದ. ಅರಮನೆಯ ಕಡೆಯಿಂದ ಹೋಳಿಗೆಯ ಪರಿಮಳ ಬರುತ್ತಿತ್ತು. ಬಯಲಿನಲ್ಲಿ ದೊರೆಯ ಪಕ್ಕ ಪಟ್ಟದಾನೆ, ಎದುರಿಗೆ ಸಾಲಾಗಿ ಸೈನಿಕರು ನಿಂತಿದ್ದರು. ಮಾಳವ್ವ ಹೊಸ ಅಡಕೆಯ ವೀಳ್ಯಗಳನ್ನು ಹರಿವಾಣದಲ್ಲಿ ಪೇರಿಸಿಕೊಂಡು ಬಂದು, ಮೊದಲನೆಯದನ್ನು ದೊರೆಯ ಮುಂದೆ ಹಿಡಿದಳು.

“ಮೊದಲ ಮರ್ಯಾದೆ ಪ್ರಭುಗಳಿಗೆ. ಬಾಯಿಗೆ ಹಾಕಿಕೊಳ್ಳಬೇಕು.”

ನಾಯಕ ಹಿಂದೆ ಸರಿದ. “ನಿನಗೇನು ಅರಳುಮರಳೇ ಮಾಳವ್ವ? ಇನ್ನೂ ಊಟವೇ ಆಗಿಲ್ಲ! ಬರಿಹೊಟ್ಟೆಗೆ ವೀಳ್ಯ ಹಾಕಿದರೆ ಅಡಕೆ ಸೊಕ್ಕಿ ತಲೆ ತಿರುಗುವುದಿಲ್ಲವೇ? ಊಟವಾದ ಮೇಲೆ ವೀಳ್ಯ. ಮಕ್ಕಳಿಗೂ ಗೊತ್ತಿರುವ ಪದ್ಧತಿ!”

“ತಪ್ಪಾಯಿತು, ಪ್ರಭು.” ಮಾಳವ್ವ ಸೈನಿಕರ ಕಡೆ ತಿರುಗಿ ಧ್ವನಿಯೇರಿಸಿದಳು. “ಗುರಿಕಾರರೇ, ಅಪ್ಪಣೆ ಕೇಳಿಸಿತಷ್ಟೆ? ಊಟವಾದ ಮೇಲೆ ವೀಳ್ಯ. ನಿಮ್ಮದು ಆಯಿತೇ?”

“ಎಲ್ಲಿಯದು ಅವ್ವಾ? ಈ ಹೊತ್ತಿನದೂ ಇಲ್ಲ, ಈ ವರ್ಷದ್ದೂ ಇಲ್ಲ.”

ಸಾಲಿನಲ್ಲಿ ನಗೆ ಹರಿಯಿತು. ದೊರೆಯ ಮುಖ ಕೆಂಪಾಯಿತು. ಸೂರಪ್ಪಯ್ಯ ನಡುವೆ ನುಗ್ಗಿದ.

“ಏನಿದು ಉದ್ಧಟತನ! ದೊರೆಗಳ ಮುಂದಿನ ವೀಳ್ಯವೆಂದರೆ ಅಮೃತ. ಅದಕ್ಕೆ ಹಸಿವೂ ಇಲ್ಲ, ಸೊಕ್ಕೂ ಇಲ್ಲ!”

ಮಾಳವ್ವ ಹರಿವಾಣವನ್ನು ಅವನತ್ತ ಚಾಚಿದಳು. “ತಾವೂ ಬೆಳಗಿನಿಂದ ಉಪವಾಸವಲ್ಲವೇ ಸ್ವಾಮಿ? ತಾವೇ ತೋರಿಸಿಕೊಟ್ಟರೆ ಇವರಿಗೂ ಬುದ್ಧಿ ಬರುತ್ತದೆ.”

ಎಲ್ಲರ ಕಣ್ಣೂ ತನ್ನ ಮೇಲಿತ್ತು. ಸೂರಪ್ಪಯ್ಯ ಒಂದು ವೀಳ್ಯ ಬಾಯಿಗಿಟ್ಟ. ಪುಕ್ಕಟೆ ಸಿಕ್ಕಿದ್ದೆಂದು ಇನ್ನೊಂದನ್ನೂ ಸೇರಿಸಿ ಜಗಿದ. “ನೋಡಿ! ಅಮೃತ! ಅಮೃ…”

ಹಣೆಯಲ್ಲಿ ಬೆವರು ಒಡೆಯಿತು. ಪೇಟ ಕಿವಿಗೆ ಜಾರಿತು. ಕೈಗೆ ಸಿಕ್ಕ ಕಂಬವನ್ನು ಬಾಚಿ ತಬ್ಬಿಕೊಂಡ. ಅದು ಪಟ್ಟದಾನೆಯ ಮುಂಗಾಲು.

“ಹಿಡಿಯಿರಿ! ಕೋಟೆ ತಿರುಗುತ್ತಿದೆ! ಕೊತ್ತಲ ನನ್ನ ಮೇಲೇ ಬರುತ್ತಿದೆ!”

ಮಾಳವ್ವ ತಣ್ಣಗೆ ಹೇಳಿದಳು: “ಪ್ರಭು, ಒಂದು ಹೊತ್ತು ಉಪವಾಸವಿದ್ದವರ ಕಣ್ಣಿಗೆ ಕೋಟೆ ಹೀಗೆ ಕಾಣುತ್ತದೆ. ವರ್ಷವೆಲ್ಲ ಅರೆಹೊಟ್ಟೆಯಲ್ಲಿರುವವರನ್ನು ನಾವು ಆ ಕೊತ್ತಲದ ಮೇಲೆ ನಿಲ್ಲಿಸಿದ್ದೇವೆ. ಶತ್ರು ಬಂದ ದಿನ ಇವರ ಬಾಣ ಯಾವ ದಿಕ್ಕಿಗೆ ಹೋಗುತ್ತದೋ, ತಾವೇ ಯೋಚಿಸಬೇಕು.”

ನಾಯಕ ಕೊತ್ತಲವನ್ನು ನೋಡಿದ. ಎಲುಬು ಎಣಿಸುವಂತಿದ್ದ ಬಸಲಿಂಗನನ್ನು ನೋಡಿದ. ಆನೆಯ ಕಾಲಿಗೆ ಕ್ಷಮೆ ಕೇಳುತ್ತಿದ್ದ ಸೂರಪ್ಪಯ್ಯನನ್ನು ನೋಡಿದ. ಅವನಿಗೆ ನಗು ತಡೆಯಲಾಗಲಿಲ್ಲ.

“ಗೆದ್ದೆ, ಮಾಳವ್ವ! ಗುರಿಕಾರ, ನಿಮ್ಮ ರಾಗಿ, ಕಂಬಳಿ ಪೂರ್ತಿ ಸಲ್ಲುತ್ತದೆ. ತಡೆಹಿಡಿದ ಪಡಿಯೂ ಸೇರಿ. ಮಂಟಪದ ಹೆಂಚನ್ನು ನಿಮ್ಮ ಮಾಡುಗಳಿಗೆ ಹೊದಿಸಿ. ಉಯ್ಯಾಲೆಯನ್ನು ಬೇವಿನ ಮರಕ್ಕೇ ಕಟ್ಟಿಕೊಳ್ಳುತ್ತೇನೆ. ನಿನಗೇನು ಬೇಕು, ಮಾಳವ್ವ?”

“ಒಂದು ಕಟ್ಟಳೆ ಬೇಕು, ಪ್ರಭು. ಪ್ರತಿ ಮಹಾನವಮಿಗೂ ಸೈನಿಕರು ತಮ್ಮ ಪಾಲು ಪಡೆದು, ಉಂಡು, ನಿಮ್ಮ ಕೈಯ ವೀಳ್ಯ ಹಾಕಿಕೊಂಡ ಮೇಲೆಯೇ ಅರಮನೆಯಲ್ಲಿ ಊಟದ ಎಲೆ ಹಾಕಬೇಕು.”

“ಇವತ್ತಿನಿಂದಲೇ?”

“ಇವತ್ತಿನಿಂದಲೇ.”

ಹೋಳಿಗೆಯ ಪರಿಮಳ ಮತ್ತೊಮ್ಮೆ ಬೀಸಿತು. ದೊರೆ ಹೊಟ್ಟೆ ಹಿಡಿದುಕೊಂಡು ಕೂಗಿದ: “ಯಾರಲ್ಲಿ? ಕಣಜ ತೆರೆಯಿರಿ! ಅಡುಗೆಯನ್ನೆಲ್ಲ ಬಯಲಿಗೆ ತನ್ನಿ! ನಡೆಯಬೇಡಿ, ಓಡಿ!”

ಕಣಿವೆದುರ್ಗದಲ್ಲಿ ಅಷ್ಟು ಬೇಗ ನಡೆದ ರಾಜಕಾರ್ಯ ಇನ್ನೊಂದಿಲ್ಲ. ಸೈನಿಕರು ಪಂಕ್ತಿಯಲ್ಲಿ ಕುಳಿತರು. ಅಷ್ಟರಲ್ಲಿ ಸೂರಪ್ಪಯ್ಯ ಆನೆಯ ಕಾಲು ಬಿಟ್ಟು, ತೂರಾಡುತ್ತ ಹೋಳಿಗೆಯ ದಿಕ್ಕು ಹಿಡಿದಿದ್ದ.

“ಪಾಪ, ಇವರಿಗೆ ಎಲ್ಲಿ ಎಲೆ ಹಾಕಿಸೋಣ? ಸೈನಿಕರ ಪಂಕ್ತಿಯಲ್ಲೋ, ನನ್ನ ಪಂಕ್ತಿಯಲ್ಲೋ?” ಎಂದು ನಾಯಕ ಕೇಳಿದ.

ಮಾಳವ್ವ ಹರಿವಾಣವನ್ನು ಸೊಂಟಕ್ಕೇರಿಸಿದಳು.

“ಅವರು ಎರಡೆರಡು ವೀಳ್ಯ ಹಾಕಿಕೊಂಡಿದ್ದಾರಲ್ಲ, ಪ್ರಭು. ಊಟ ಆಗಿಯೇ ಇರಬೇಕು.”