ವೈದ್ಯನಿಗೂ ಪಥ್ಯ

ಹೊಳೆಯ ದಂಡೆಯಲ್ಲಿ ಮಣ್ಣಿನ ಗೋಡೆಯ ಒಂದು ಆಶ್ರಮವಿತ್ತು. ಮುಂದೆ ಹುಲ್ಲಿನ ಚಪ್ಪರ, ಹಿಂದೆ ಮದ್ದಿನ ಗಿಡಗಳು. ಅಲ್ಲಿ ಮುರಿಗಯ್ಯ ಎಂಬ ವೃದ್ಧ ಗುರುಗಳಿದ್ದರು. ಸುತ್ತಲಿನ ಹತ್ತು ಹಳ್ಳಿಗೆ ಅವರೇ ವೈದ್ಯರು.

ಒಂದು ಬೆಳಿಗ್ಗೆ ಕಲಿನಾಥನೆಂಬ ತರುಣ ಬಂದು ಅವರ ಕಾಲಿಗೆರಗಿದ.

"ಏನು ಬೇಕಪ್ಪ?"

"ವೈದ್ಯ ಕಲಿಯಬೇಕು, ಗುರುಗಳೇ."

"ಯಾಕೆ?"

"ನಮ್ಮಕ್ಕನಿಗೆ ಜ್ವರ ಬಂದಿತ್ತು. ವೈದ್ಯರನ್ನು ಕರೆತರಲು ನಾನೇ ಓಡಿದೆ. ಕರೆದುಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇನ್ನು ಯಾರಿಗೂ ಹಾಗೆ ತಡವಾಗಬಾರದು."

ಗುರುಗಳು ಮತ್ತೇನೂ ಕೇಳಲಿಲ್ಲ. ಅವನ ಗಂಟನ್ನು ತಾವೇ ಎತ್ತಿ ಒಳಗಿಟ್ಟರು.

ಅಂದಿನಿಂದ ಕಲಿನಾಥ ಸುಮ್ಮನೆ ಕೂತದ್ದನ್ನು ಯಾರೂ ಕಾಣಲಿಲ್ಲ. ಬೇರು ಅಗೆದು ತಂದ. ಕುಟ್ಟಿದ, ಅರೆದ, ಸೋಸಿದ. ಬಂದ ರೋಗಿಗಳನ್ನು ನೋಡಿದ. ಹುಳು ಹಿಡಿಯುತ್ತಿದ್ದ ಹಳೆಯ ತಾಳೆಗರಿಗಳಲ್ಲಿನ ಮದ್ದಿನ ವಿವರಗಳನ್ನು ಹೊಸ ಗರಿಗಳ ಮೇಲೆ ಬರೆದಿಟ್ಟ. ಊಟ ನಿಂತಲ್ಲೇ. ನಿದ್ದೆ ಒರಗಿದಲ್ಲೇ.

"ಉಂಡೆಯಾ, ಮಗೂ?" ಎಂದು ಗುರುಗಳು ಕೇಳುತ್ತಿದ್ದರು.

"ಆಮೇಲೆ ಉಣ್ಣುತ್ತೇನೆ."

"ಸ್ವಲ್ಪ ಅಡ್ಡಾಗಬಾರದೇ?"

"ಇದೊಂದು ಗರಿ ಮುಗಿಸಿಬಿಡುತ್ತೇನೆ."

ಬಂದವರೆಲ್ಲ ಅವನನ್ನು ಹೊಗಳಿದರು. "ಇವನಿಗೆ ಎಷ್ಟು ಕೈ ಇವೆಯೋ!" ಎಂದರು. ಗುರುಗಳೂ ಕೇಳುವುದನ್ನು ಬಿಟ್ಟರು.

ಹೀಗೆ ಒಂದು ವರ್ಷ ಕಳೆಯಿತು.

ಎರಡನೆಯ ವರ್ಷದಲ್ಲಿ ಕಲಿನಾಥನ ಕೈ ಸಣ್ಣಗೆ ನಡುಗತೊಡಗಿತು. ಮಾತು ಮೊಟಕಾಯಿತು. ರೋಗಿಗಳು ಅವನೆದುರು ಬಾಯಿ ತೆರೆಯಲು ಹೆದರತೊಡಗಿದರು.

ಒಂದು ದಿನ ಬುಟ್ಟಿ ಹೆಣೆಯುವ ದ್ಯಾಮವ್ವ ಬಂದಳು. ಎರಡು ದಿನದಿಂದ ಭೇದಿ ಆಗಿ ಸೊರಗಿದ್ದಳು. ತವರಿಗೆ ಹೋಗಿದ್ದು, ಅಲ್ಲಿ ಉಂಡದ್ದು, ದಾರಿಯಲ್ಲಿ ಬಿಸಿಲು ಹತ್ತಿದ್ದು, ಒಂದೊಂದನ್ನೇ ಹೇಳಲು ಶುರು ಮಾಡಿದಳು.

"ಅದೆಲ್ಲ ಬೇಡಮ್ಮ. ಏನು ತೊಂದರೆ, ಅಷ್ಟು ಹೇಳು."

"ಹೊಟ್ಟಿ, ಯಪ್ಪಾ…"

ಅಷ್ಟಕ್ಕೇ ಕಲಿನಾಥ ಎದ್ದ. ಹಲಗೆಯ ಮೇಲಿನ ಭರಣಿಯಿಂದ ಪುಡಿ ತೆಗೆದು ಪೊಟ್ಟಣ ಕಟ್ಟಿಕೊಟ್ಟ. ಅದು ಭೇದಿ ನಿಲ್ಲಿಸುವ ಪುಡಿಯಲ್ಲ. ಭೇದಿ ಮಾಡಿಸುವ ಪುಡಿ.

ಮರುದಿನ ಅವಳನ್ನು ಮಂಚದ ಮೇಲೆ ಹೊತ್ತು ತಂದರು. ಕಣ್ಣು ಗುಳಿ ಬಿದ್ದಿದ್ದವು. ತುಟಿ ಒಡೆದಿತ್ತು.

ಅವರು ಜೊತೆಗೆ ತಂದಿದ್ದ ಪೊಟ್ಟಣ ಬಿಚ್ಚಿ ಮೂಸಿದಾಗ, ತಾನು ಕೊಟ್ಟದ್ದು ಯಾವ ಪುಡಿಯೆಂದು ಕಲಿನಾಥನಿಗೆ ತಿಳಿಯಿತು.

ಗುರುಗಳು ಬೈಯಲಿಲ್ಲ. ಮೂರು ದಿನ ದ್ಯಾಮವ್ವನ ತಲೆದೆಸೆಯಲ್ಲಿ ಕೂತು, ಉಪ್ಪು ಬೆರೆಸಿದ ಗಂಜಿತಿಳಿಯನ್ನು ಗುಟುಕು ಗುಟುಕಾಗಿ ಕುಡಿಸಿದರು. ನಾಲ್ಕನೆಯ ದಿನ ಅವಳು ಎದ್ದು ಕೂತಳು.

ಹೊರಡುವಾಗ ಕಲಿನಾಥನ ಮುಂದೆ ನಿಂತು ಹೇಳಿದಳು: "ಮುಂದಿನ ಸಲ ನಾ ಹೇಳೋದು ಪೂರ್ತಿ ಕೇಳ್ರಿ, ಯಪ್ಪಾ."

ಅವಳು ಹೋದ ಮೇಲೆ ಕಲಿನಾಥ ತನ್ನ ಬಟ್ಟೆಯನ್ನು ಗಂಟು ಕಟ್ಟಿದ.

"ಎಲ್ಲಿಗೆ?" ಎಂದರು ಗುರುಗಳು.

"ನಾನು ವೈದ್ಯನಾಗಲಾರೆ. ಒಂದು ಜೀವ ತೆಗೆಯುತ್ತಿದ್ದೆ."

"ಹೋಗುವಿಯಂತೆ. ಅದಕ್ಕೂ ಮೊದಲು ಇಲ್ಲಿ ಕುಳಿತುಕೋ."

ಅವರು ತೋರಿಸಿದ್ದು ರೋಗಿಗಳು ಕೂರುವ ಚಾಪೆ. ಕಲಿನಾಥ ಅಳುಕುತ್ತ ಕೂತ. ಗುರುಗಳು ಅವನ ನಾಲಗೆ ನೋಡಿದರು. ರೆಪ್ಪೆ ಎತ್ತಿ ಕಣ್ಣು ನೋಡಿದರು. ಬೆರಳಿಟ್ಟು ನಾಡಿ ನೋಡಿದರು.

"ಏನು ಕಾಯಿಲೆ, ಗುರುಗಳೇ?"

"ದಣಿವು."

"ದಣಿವೂ ಒಂದು ಕಾಯಿಲೆಯೇ?"

"ದ್ಯಾಮವ್ವನನ್ನು ಕೇಳು."

ಕಲಿನಾಥ ತಲೆ ತಗ್ಗಿಸಿದ. ಗುರುಗಳ ದನಿ ಮೆತ್ತಗಾಯಿತು.

"ತಪ್ಪು ನಿನ್ನೊಬ್ಬನದೇ ಅಲ್ಲ. ನೀನು ದುಡಿದಷ್ಟೂ ನನಗೆ ಹಗುರಾಗುತ್ತಿತ್ತು. ಅದಕ್ಕೇ ಕೇಳುವುದನ್ನು ಬಿಟ್ಟೆ."

ಗುರುಗಳು ಹಾಗೆ ಹೇಳಿದ್ದನ್ನು ಕಲಿನಾಥ ಎಂದೂ ಕೇಳಿರಲಿಲ್ಲ. ಅವನ ಕಣ್ಣು ತುಂಬಿತು.

"ಇದಕ್ಕೆ ಮದ್ದು?"

"ಮದ್ದಿಲ್ಲ. ಪಥ್ಯ ಇದೆ. ಬೆಳಿಗ್ಗೆ ಹೊಳೆಯಲ್ಲಿ ಮಿಂದು, ಮೈ ಒಣಗುವ ತನಕ ಬಂಡೆಯ ಮೇಲೆ ಕೂತಿರು. ಅಲ್ಲಿಯವರೆಗೆ ಯಾವ ಕೆಲಸವನ್ನೂ ಮುಟ್ಟಬೇಡ. ಎಲೆಯ ಮುಂದೆ ಕೂತು ಉಣ್ಣು. ಮಧ್ಯಾಹ್ನ ಎರಡು ಗಳಿಗೆ ಅಡ್ಡಾಗು. ದಿನಕ್ಕೆ ಐದು ಗರಿ ಬರೆ. ಕೈ ಎಷ್ಟೇ ಚುರುಕಾಗಿದ್ದರೂ ಆರನೆಯದು ಬೇಡ. ದೀಪ ಹಚ್ಚಿದ ಮೇಲೆ ಅರೆಯುವ ಕಲ್ಲಿನ ಹತ್ತಿರ ಸುಳಿಯಬೇಡ."

"ಎಷ್ಟು ದಿನ?"

"ನೀನು ವೈದ್ಯನಾಗಿರುವಷ್ಟು ದಿನ."

"ಐದೇ ಗರಿ ಎಂದರೆ ಬರೆಯುವುದೆಲ್ಲ ಮುಗಿಯಲು ಎರಡು ವರ್ಷ ಹಿಡಿಯುತ್ತದೆ, ಗುರುಗಳೇ!"

"ನೀನು ಅವಸರ ಮಾಡಿದರೂ ಮಾಡದಿದ್ದರೂ ಆ ಎರಡು ವರ್ಷ ತಮ್ಮ ಹೊತ್ತಿಗೇ ಕಳೆಯುತ್ತವೆ."

ಕಲಿನಾಥ ಗಂಟು ಬಿಚ್ಚಿದ.

ಮೊದಲ ದಿನಗಳು ಕಷ್ಟವಾದವು. ಬಂಡೆಯ ಮೇಲೆ ಕೂತರೆ ಕಾಲು ತಾನೇ ಅದುರುತ್ತಿತ್ತು. ನೆನೆಹಾಕಿದ ಬೇರು, ಒಣಗಬೇಕಾದ ಸೊಪ್ಪು, ಎಲ್ಲ ನೆನಪಾಗುತ್ತಿದ್ದವು. ಮೈ ಬೇಗ ಒಣಗಲೆಂದು ಮೈ ಒರೆಸುವ ಬಟ್ಟೆಯಿಂದ ಉಜ್ಜಿಕೊಂಡದ್ದೂ ಉಂಟು.

ಗುರುಗಳು ಅದನ್ನು ಕಂಡರು. ಮರುದಿನ ಆ ಬಟ್ಟೆಯೇ ಇರಲಿಲ್ಲ.

ಒಂದು ತಿಂಗಳಾದ ಮೇಲೆ, ಮೊದಲು ಬರೆದಿಟ್ಟ ಗರಿಗಳನ್ನು ತೆಗೆದು ಓದಿದ. ಎಷ್ಟೋ ಕಡೆ ಇಡೀ ಸಾಲು ಬಿಟ್ಟುಹೋಗಿತ್ತು. ಒಂದು ಕಡೆ ಮದ್ದಿನ ಹೆಸರೇ ತಪ್ಪಾಗಿತ್ತು. ಆ ಗರಿಗಳನ್ನು ಒಲೆಗೆ ಹಾಕಿ ಮತ್ತೆ ಮೊದಲಿನಿಂದ ಶುರು ಮಾಡಿದ. ದಿನಕ್ಕೆ ಐದು.

ಮಳೆಗಾಲದ ಕೊನೆಯಲ್ಲಿ ಆಚೆ ದಂಡೆಯ ಊರಿಗೆ ಜ್ವರ ಬಿತ್ತು. ಹೊಟ್ಟೆ ಕೆಟ್ಟು, ಮೈ ಕಾದು, ಜನ ಎದ್ದು ನಿಲ್ಲಲಾರದೆ ಬಿದ್ದರು. ದೋಣಿಯಲ್ಲಿ ಹಾಕಿಕೊಂಡು ಆಶ್ರಮಕ್ಕೆ ತಂದರು. ಮೂರನೆಯ ದಿನಕ್ಕೆ ಚಪ್ಪರ ತುಂಬಿತು. ಆಮೇಲೆ ಮರದ ಕೆಳಗೂ ಚಾಪೆ ಹಾಸಿದರು.

ಮಧ್ಯಾಹ್ನವಾಯಿತು. ಗುರುಗಳು ಕಲಿನಾಥನ ಭುಜ ಮುಟ್ಟಿದರು.

"ಹೋಗು, ಅಡ್ಡಾಗು."

"ಈಗಲೇ? ಇಷ್ಟು ಜನ ನರಳುತ್ತಿರುವಾಗಲೇ?"

"ಈಗಲೇ. ನಾನಿದ್ದೇನೆ. ನೀನು ಎದ್ದ ಮೇಲೆ ನಾನು ಮಲಗುತ್ತೇನೆ."

"ಮನುಷ್ಯನಾದವನು ಹೇಗೆ ಮಲಗುತ್ತಾನೆ, ಗುರುಗಳೇ?"

"ನಾಳೆಯೂ ಜ್ವರ ಇರುತ್ತದೆ. ನಾಳೆಗೂ ಒಬ್ಬ ವೈದ್ಯ ಬೇಕು."

ಕಲಿನಾಥ ಹಲ್ಲು ಕಚ್ಚಿಕೊಂಡು ಹೋಗಿ ಮಲಗಿದ. ಎಂಟು ದಿನ ಹೀಗೇ ನಡೆಯಿತು.

ಒಂಬತ್ತನೆಯ ದಿನ ಮಧ್ಯಾಹ್ನ ಅಳುವಿನ ಸದ್ದಿಗೆ ಅವನಿಗೆ ಎಚ್ಚರವಾಯಿತು. ಹೊರಗೆ ಓಡಿ ಬಂದ. ಭರಮಪ್ಪನೆಂಬ ಕುಂಬಾರ ತೀರಿಕೊಂಡಿದ್ದ. ಮೂವತ್ತು ವರ್ಷದ ಆಳು. ಪಕ್ಕದಲ್ಲಿ ಅವನ ಮುದಿ ತಂದೆ ಯಂಕಪ್ಪ ನೆಲಕ್ಕೆ ಹಣೆಯಿಟ್ಟು ಅಳುತ್ತಿದ್ದ.

ಕಲಿನಾಥ ಗುರುಗಳ ಕಡೆ ತಿರುಗಿದ. ಅವನ ಮುಖ ಕೆಂಪಾಗಿತ್ತು.

"ನನ್ನನ್ನು ಯಾಕೆ ಎಬ್ಬಿಸಲಿಲ್ಲ?"

ಗುರುಗಳು ಭರಮಪ್ಪನ ಮೈಮೇಲೆ ಬಟ್ಟೆ ಹೊದಿಸಿದರು.

"ನಿಮ್ಮ ಪಥ್ಯ ಒಬ್ಬನನ್ನು ಕೊಂದಿತು! ನಾನು ಎಚ್ಚರವಾಗಿದ್ದರೆ ಅವನು ಉಳಿಯುತ್ತಿದ್ದ."

"ನಾನು ಎಚ್ಚರವಾಗಿಯೇ ಇದ್ದೆ, ಕಲಿನಾಥ. ಅವನ ಕೈ ನನ್ನ ಕೈಯಲ್ಲೇ ಇತ್ತು."

ಕಲಿನಾಥ ಅಲ್ಲೇ ನೆಲದ ಮೇಲೆ ಕೂತ.

ಆಮೇಲೆ ಕೇಳಿದ: "ಹಾಗಾದರೆ ಆ ದಿನ ನಾನು ಇನ್ನಷ್ಟು ಜೋರಾಗಿ ಓಡಿದ್ದರೆ… ನಮ್ಮಕ್ಕ…"



"ತಮ್ಮ ಓಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು," ಎಂದರು ಗುರುಗಳು. "ಈಗ ಮಲಗುವ ಸರದಿ ನನ್ನದು."

ಹಾಗೆಂದು ಗೋಡೆಯ ಪಕ್ಕದಲ್ಲಿ ಒಂದು ಚಾಪೆ ಬಿಡಿಸಿ, ತೋಳನ್ನೇ ತಲೆದಿಂಬು ಮಾಡಿಕೊಂಡು ಮಲಗಿಬಿಟ್ಟರು.

ಕಲಿನಾಥ ಕಣ್ಣೊರೆಸಿಕೊಂಡು ಎದ್ದ. ರೋಗಿಗಳಿಗೆಲ್ಲ ಗಂಜಿತಿಳಿ ಕುಡಿಸಿದ. ಆಮೇಲೆ ಯಂಕಪ್ಪನ ಪಕ್ಕ ಬಂದು ಕೂತ. ಮುದುಕ ಮಾತಾಡಲು ಶುರು ಮಾಡಿದ. ಮಗ ಹುಟ್ಟಿದ್ದು, ಏಳು ವರ್ಷಕ್ಕೇ ತಿಗರಿ ತಿರುಗಿಸಿ ಮಡಕೆ ಮಾಡಿದ್ದು, ಮದುವೆಯಾದದ್ದು. ಹೇಳಿದ್ದನ್ನೇ ಮತ್ತೆ ಹೇಳಿದ. ನಡುವೆ ಅತ್ತ.

ಕಲಿನಾಥ ಎಲ್ಲಿಯೂ ತಡೆಯಲಿಲ್ಲ. ಕೇಳುತ್ತ ಕೂತ.

"ಹೊಳಿ ದೂರ ಆಕ್ಕತಿ, ಯಾಕ ಹೋಗ್ತೀ ಅಂತ ನಾನ ಅಂದೆ," ಎಂದ ಮುದುಕ. "ನಮ್ಮ ಓಣಿ ಹಿಂದಿನ ಹೊಂಡದ ನೀರ ತಂದು ಕುಡದ. ಎಲ್ಲಾರೂ ಅದನ್ನ ಕುಡಿತೇವಿ. ಈ ಸಲ ನೀರು ಒಂಥರಾ ನಾತ ಹೊಡಿತಿತ್ತು. ಮಳಿ ನೀರು, ಹಂಗ ಇರತೈತಿ ಅಂದೆ. ನಾನ ಅಂದೆ, ಯಪ್ಪಾ, ನಾನ ಅಂದೆ."

ಕಲಿನಾಥ ಮುದುಕನ ಕೈ ಹಿಡಿದುಕೊಂಡ. ಅವನು ಅತ್ತು ಹಗುರಾಗುವ ತನಕ ಬಿಡಲಿಲ್ಲ. ಆಮೇಲೆ ಎದ್ದು ಒಂದೊಂದು ಚಾಪೆಯ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿದ.

"ಯಾವ ನೀರು ಕುಡಿದಿರಿ?"

"ಹೊಂಡದ್ದು."

"ನೀವು?"

"ಹೊಂಡದ್ದು, ಯಪ್ಪಾ."

ಗುರುಗಳು ಎದ್ದ ಮೇಲೆ ಅವನು ದೋಣಿ ಹತ್ತಿದ. ಊರವರನ್ನು ಕರೆದುಕೊಂಡು ಹೊಂಡದ ಸುತ್ತ ಹುಡುಕಿದ. ಮಳೆಗೆ ಮೇಲಿನ ಒಡ್ಡು ಒಡೆದಿತ್ತು. ತಿಪ್ಪೆಗಳ ಕೊಳೆನೀರೆಲ್ಲ ಸಣ್ಣ ಕಾಲುವೆಯಾಗಿ ಹರಿದು ಹೊಂಡಕ್ಕೆ ಇಳಿಯುತ್ತಿತ್ತು.

ಅಂದೇ ಹೊಂಡದ ಸುತ್ತ ಮುಳ್ಳಿನ ಬೇಲಿ ಹಾಕಿಸಿದ. ಹೊಳೆಯಿಂದ ನೀರು ತಂದು ಕಾಯಿಸಿ ಕುಡಿಯಬೇಕೆಂದು ಮನೆಮನೆಗೆ ಹೋಗಿ ಹೇಳಿದ. ಒಡ್ಡು ಕಟ್ಟುವವರಲ್ಲಿ ಯಂಕಪ್ಪನೂ ಬಂದು ನಿಂತ. ಬೇಡವೆಂದರೂ ಕೇಳದೆ ಮಣ್ಣು ಹೊತ್ತ.

ಆಮೇಲೂ ಇಬ್ಬರು ಸತ್ತರು. ಕಲಿನಾಥ ಆ ಇಬ್ಬರ ಹೆಸರನ್ನೂ ಭರಮಪ್ಪನ ಹೆಸರನ್ನೂ ಮರೆಯಲಿಲ್ಲ. ಆದರೆ ದೋಣಿಯಲ್ಲಿ ಬರುವ ಹೊಸ ರೋಗಿಗಳು ದಿನದಿನಕ್ಕೆ ಕಡಿಮೆಯಾದರು. ಮಲಗಿದ್ದವರು ಕೂತರು, ಕೂತವರು ನಡೆದರು, ನಡೆದವರು ಮನೆಗೆ ಹೋದರು.

ನಲವತ್ತೆರಡನೆಯ ದಿನ ಕೊನೆಯ ರೋಗಿಯನ್ನು ದೋಣಿ ಹತ್ತಿಸಿ ಬಂದರು.

ಮರುದಿನ ಬೆಳಿಗ್ಗೆ ಚಪ್ಪರ ಖಾಲಿ. ಕಲಿನಾಥ ಕಸ ಗುಡಿಸಿದ. ಭರಣಿಗಳನ್ನು ಒರೆಸಿ ಸಾಲಾಗಿ ಇಟ್ಟ. ಐದು ಗರಿ ಬರೆದು ಮುಗಿಸಿದ. ದೋಣಿಯ ಕಡೆ ಒಮ್ಮೆ ನೋಡಿದ. ಚಪ್ಪರದ ಈ ಕಡೆಯಿಂದ ಆ ಕಡೆಗೆ ಎರಡು ಸಲ ಓಡಾಡಿದ. ಕೊನೆಗೆ ಗುರುಗಳ ಹತ್ತಿರ ಬಂದು ನಿಂತ.

"ಇವತ್ತು ಒಬ್ಬರೂ ಬಂದಿಲ್ಲ, ಗುರುಗಳೇ. ಸುಮ್ಮನಿದ್ದರೆ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಏನು ಮಾಡಲಿ?"

ಹೊಳೆಯ ಆಚೆ, ಊರಿನ ಮನೆಗಳ ಮೇಲೆ ಅಡಿಗೆಯ ಹೊಗೆ ಏಳುತ್ತಿತ್ತು. ಯಾರೋ ದನಗಳನ್ನು ಕೂಗುತ್ತಿದ್ದರು.

ಗುರುಗಳು ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿಕೊಟ್ಟು, ಆ ಹೊಗೆಯ ಕಡೆ ಕೈ ತೋರಿಸಿದರು.

"ಬಾರದವರನ್ನು ನೋಡುತ್ತ ಸ್ವಲ್ಪ ಹೊತ್ತು ಕೂತಿರು."