ಶಾಸಕರು ತಿರುವಿದ ನಲ್ಲಿ

ಮನೆಮನೆಗೂ ನೀರು ಕೊಡ್ತೀನಿ ಎಂದು ಗೆದ್ದ ಶಾಸಕ ವೀರನಗೌಡರು ಮತ್ತೆ ಚುನಾವಣೆ ಬಂದಾಗಲೇ ಕರಿಗುಡ್ಡ ಹಳ್ಳಿಗೆ ಕಾಲಿಟ್ಟರು. ಟಿವಿಯವರನ್ನೂ ಕರೆತಂದಿದ್ದರು. ಮನೆಗಳ ಮುಂದೆ ನಲ್ಲಿಗಳೇನೋ ಹೊಳೆಯುತ್ತಿದ್ದವು, ನೆಲದೊಳಗೆ ಪೈಪೇ ಇರಲಿಲ್ಲ.

ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ದ್ಯಾಮವ್ವನನ್ನು ಗೌಡರ ಬಂಟ ಗದರಿಸಿದ: "ಕ್ಯಾಮೆರಾ ಮುಂದ ಸಾಹೇಬರನ್ನ ಹೊಗಳು. ಇಲ್ಲಾಂದ್ರ ನಾಳೆಯಿಂದ ಕೆಲಸಕ್ಕ ಬರಬ್ಯಾಡ."

"ಬರೇ ಹೊಗಳದ ಏನ್ರೀ, ಮಂಗಳಾರತಿನೇ ಮಾಡ್ತೀನಿ" ಅಂದಳು ದ್ಯಾಮವ್ವ.

ನೇರಪ್ರಸಾರ ಶುರುವಾಯಿತು. ಅವಳು ತಂಬಿಗೆ ಹಿಡಿದು ಕೈಮುಗಿದಳು. "ನೀರು ಕೊಟ್ಟ ದೇವರು ನಮ್ಮ ಸಾಹೇಬರು. ಅವರೇ ಈ ತಂಬಿಗಿ ತುಂಬಲಿ. ಅದೇ ನೀರಾಗ ಅವರ ಪಾದ ತೊಳೀತೀನಿ."

ಪಾದಪೂಜೆ ಎಂದೊಡನೆ ಗೌಡರು ಉಬ್ಬಿಹೋದರು. ಪೈಪಿನ ಸಂಗತಿಯೇ ಮರೆತು ನಲ್ಲಿಯನ್ನು ಜೋರಾಗಿ ತಿರುವಿದರು. ನಲ್ಲಿ ಬುಡಸಮೇತ ಕಿತ್ತು ಕೈಗೇ ಬಂತು!

ಜನ ಬಾಯಿ ಮೇಲೆ ಕೈಯಿಟ್ಟುಕೊಂಡರು. ಟಿವಿ ವರದಿಗಾರ್ತಿ ಮೈಕನ್ನು ಗೌಡರತ್ತ ಚಾಚಿದಳು. ಹೊಗಳು ಎಂದವನೇ ತಾನಾದ್ದರಿಂದ ಬಂಟ ದ್ಯಾಮವ್ವನನ್ನು ಗದರಿಸುವಂತೆಯೂ ಇರಲಿಲ್ಲ.

"ಸಾರ್, ಪೈಪೆಲ್ಲಿ?" ವರದಿಗಾರ್ತಿ ಕೇಳಿದಳು.

ಗೌಡರು ಬೆವರೊರೆಸಿಕೊಂಡರು. "ಅದು... ನೆಲದಾಗ ಆಳಕ್ಕ ಐತಿ. ಮ್ಯಾಲೆ ಕಾಣಂಗಿಲ್ಲ."

"ಹೌದೇನ್ರೀ?" ಅಂದಳು ದ್ಯಾಮವ್ವ. "ನಮ್ಮ ಓಟೂ ಅಲ್ಲೇ ಅದಾವ್ರಿ. ಅಗದು ತಗೊಳ್ರಿ."